ಒಂದೇ ಅಚ್ಚು

ವರ್ಕ್‌ಶಾಪಿನ ಸೈರನ್ ಕೂಗಿ, ಅಶೋಕಪುರಂ ಕಡೆಯ ಗೇಟಿನಿಂದ
ಸೈಕಲ್ಲುಗಳು ಹರಿದು ಬರುತ್ತಿದ್ದವಲ್ಲ,
ಅಲ್ಲೇ ಎದುರಿಗೆ, ಒಂದು ಮಿಷನ್ ಒಂದು ಸ್ಟೂಲು ಹಿಡಿಸುವಷ್ಟು
ಅಂಗಡಿ ನನ್ನದು.
ರೈಲ್ವೆ ಟೀಮಿನವರ ಬೆನ್ನಿಗೆ ನಂಬರು ಹೊಲಿದೆ,
ಇಪ್ಪತ್ತೆರಡು ವರ್ಷ.
ಬಿಳಿ ಲಾಂಗ್‌ಕ್ಲಾತು, ಅಂಚು ಮಡಚಿ ಒತ್ತುಹೊಲಿಗೆ.
ಎಷ್ಟು ಒಗೆದರೂ ನೂಲು ಬಿಡಬಾರದು.

ಆರಕ್ಕೂ ಒಂಬತ್ತಕ್ಕೂ ಅಚ್ಚು ಒಂದೇ,
ಬೂಟಿನ ಡಬ್ಬದ ರಟ್ಟಿನಲ್ಲಿ ಕತ್ತರಿಸಿಟ್ಟದ್ದು.
ಹೊಟ್ಟೆ ಕೆಳಗಾದರೆ ಆರು,
ಮೇಲಾದರೆ ಒಂಬತ್ತು.

ಒಂಬತ್ತು, ಗಾಂಧಿನಗರದ ಸವರಿಮುತ್ತುವಿಗೆ.
ಗೋಲು ಹೊಡೆದ ಸಂಜೆ ಅವನಿಗೆ ದೋಸೆ ಪುಕ್ಕಟೆ,
ಕ್ಷೌರ ಪುಕ್ಕಟೆ,
ಫೋರ್‌ಮನ್ನೇ ಬಂದು ರಾತ್ರಿ ಪಾಳಿ ತಪ್ಪಿಸುತ್ತಿದ್ದ.

ಆರು, ಚಿಕ್ಕಮಾದನಿಗೆ. ಸ್ಟಾಪರ್ ಬ್ಯಾಕು.
ಅವನು ಚೆನ್ನಾಗಿ ಆಡಿದ ದಿನ
ಏನೂ ಆಗುತ್ತಿರಲಿಲ್ಲ.
ಏನೂ ಆಗದ್ದಕ್ಕೆ ಚಪ್ಪಾಳೆ ತಟ್ಟುವವರು ಯಾರು?
ಬೇಲಿ ಗಟ್ಟಿಯಿದ್ದ ವರ್ಷ
ಕಣದಲ್ಲಿ ಎಲ್ಲರದೂ ರಾಗಿಯ ಮಾತು.

ನನಗೆ ಆಟ ಗೊತ್ತಿಲ್ಲ, ಬಟ್ಟೆ ಗೊತ್ತು.
ಒಂಬತ್ತರ ಜರ್ಸಿ ಹರಿದು ಬರುತ್ತಿತ್ತು,
ಯಾರೋ ಹಿಂದಿನಿಂದ ಹಿಡಿದೆಳೆದು, ಒಂದೇ ಸೀಳು.
ಆರರದ್ದು ಸವೆದು ಬರುತ್ತಿತ್ತು,
ಮೊಣಕೈ, ಭುಜ, ಸೊಂಟದ ಪಕ್ಕ,
ನೆಲಕ್ಕೆ ತಾಗುವ ಕಡೆಯೆಲ್ಲ.
ಸೀಳಿಗೆ ಹತ್ತು ನಿಮಿಷ ಸಾಕು. ಸವೆದದ್ದಕ್ಕೆ
ತೇಪೆ ಹಾಕಲು ಗಟ್ಟಿ ಬಟ್ಟೆ ಎಲ್ಲಿದೆಯೆಂದು
ಬೆಳಕಿಗೆ ಹಿಡಿದು ಹುಡುಕಬೇಕು.

ಮಂಡ್ಯದ ಸಕ್ಕರೆ ಫ್ಯಾಕ್ಟರಿಯವರ ಮೇಲೆ ಫೈನಲ್ಲು.
ಸವರಿಮುತ್ತುವಿಗೆ ಕಾಮಾಲೆ, ಕಣ್ಣೆಲ್ಲ ಅರಿಸಿನ.
ಹಿಂದಿನ ರಾತ್ರಿ ಚಿಕ್ಕಮಾದ ಬಂದು ಮೆಟ್ಟಿಲ ಮೇಲೆ ನಿಂತ.
"ಕೆಂಪಣ್ಣ, ಇದ ಒಂಬತ್ತು ಮಾಡ್ಕೊಡು.
ನಾಳೆ ನನ್ನೇ ಮುಂದಕ್ಕೆ ಹಾಕವ್ರೆ."
ಬಿಚ್ಚಿದೆ, ತಿರುಗಿಸಿದೆ, ಹೊಲಿದೆ.
ಎಂಟಾಣೆ ಕೊಟ್ಟು ಹೋದ.

ಮಹಾರಾಜ ಕಾಲೇಜು ಮೈದಾನ, ಕೊನೇ ನಿಮಿಷಗಳು, ಒಂದು ಕಾರ್ನರ್.
ಅವನು ಬಾಲು ನೋಡುತ್ತಲೇ ಇರಲಿಲ್ಲ.
ಕತ್ತು ತಿರುಗಿಸಿ ತನ್ನ ಹಳೇ ಜಾಗದಲ್ಲಿ
ಯಾರು ನಿಂತಿದ್ದಾರೆಂದು ಎಣಿಸುತ್ತಿದ್ದ.
ಮೊಣಕಾಲಿಗೆ ತಾಗಿತು.
ಒಳಕ್ಕೆ ಹೋಯಿತು.

ಬಲ್ಲಾಳ್ ಸರ್ಕಲ್‌ವರೆಗೂ ಹೆಗಲ ಮೇಲೆ ಹೊತ್ತರು.
ಅವನ ಮುಖ, ತಪ್ಪು ಬಸ್ಸು ಹತ್ತಿ
ಒಳ್ಳೆ ಸೀಟು ಸಿಕ್ಕವನ ಹಾಗಿತ್ತು.

ಮಾರನೇ ದಿನವೇ ಬಂದ. "ಮತ್ತೆ ಆರು ಮಾಡಣ್ಣ."
ಕಾಸು ಬೇಡವೆಂದೆ. ಬೈದು, ಕೊಟ್ಟು ಹೋದ.

ಇವತ್ತಿಗೂ ಕಲ್ಲುಬೆಂಚಿನ ಮೇಲೆ ಅದೇ ತಕರಾರು,
ಯಾರಪ್ಪಾ ಎಲ್ಲರಿಗಿಂತ ದೊಡ್ಡ ಆಟಗಾರ ಅಂತ.
ಸವರಿಮುತ್ತು ಮೊದಲು, ಅದರಲ್ಲಿ ಜಗಳವಿಲ್ಲ.
ಚಿಕ್ಕಮಾದನೂ ಬರುತ್ತಾನೆ, ನಾಲ್ಕನೆಯವನೋ ಐದನೆಯವನೋ,
"ಫೈನಲ್ಲಿನ ಗೋಲು ಹೊಡೆದವನಲ್ಲವಾ!"
ಹದಿನಾಲ್ಕು ವರ್ಷ ತಡೆದದ್ದೆಲ್ಲ ಸೇರಿ
ಒಂದು ಮೊಣಕಾಲು.
ಗೋಲಿ ಜಬಿವುಲ್ಲಾನ ಹೆಸರೆತ್ತಿದರೆ ಇನ್ನೂ ನಗುತ್ತಾರೆ,
ಅವನ ಕಾಲಸಂದಿಯಲ್ಲಿ ನುಸುಳಿದ್ದು
ಅದೊಂದೇ ಬಾಲು ಎಂಬಂತೆ.

ಒಮ್ಮೆ ಸವರಿಮುತ್ತು ಪ್ಯಾಂಟು ಸಡಿಲ ಮಾಡಿಸಲು ಬಂದವನು
ತಾನಾಗಿ ಹೇಳಿದ:
"ಪ್ರಾಕ್ಟೀಸಲ್ಲಿ ಆ ಮಾದನ್ನ ನಾನು ದಾಟಿದ್ದು ಎರಡೇ ಸಲ.
ಎರಡು ಸಲಾನೂ ಅವನೇ ಬಿಟ್ನೋ ಏನೋ."
ಇದನ್ನು ಬೆಂಚಿನ ಹತ್ತಿರ ಹೋಗಿ ಹೇಳಬಾರದಾ ಎಂದೆ.
ಪ್ಯಾಂಟು ಮಡಚಿ ಕಂಕುಳಿಗಿಟ್ಟುಕೊಂಡ.
"ಎಷ್ಟಾಯ್ತು?" ಎಂದ.

ನನ್ನ ಮಾತನ್ನೂ ಪೂರಾ ನಂಬಬೇಡಿ.
ಬೆನ್ನು ನೋಡಿ ಬದುಕಿದವನು ನಾನು,
ಬೆನ್ನಿನವರ ಕಡೆಗೇ ತುಸು ವಾಲುತ್ತೇನೆ.

ರಟ್ಟು ಇನ್ನೂ ಗೋಡೆಯಲ್ಲಿದೆ.
ಹೊಟ್ಟೆಯ ತೂತನ್ನು ಮೊಳೆಗೆ ಸಿಕ್ಕಿಸಿಬಿಟ್ಟರೆ
ತಾನಾಗಿಯೇ ಒಂಬತ್ತಾಗಿ ನೇತಾಡುತ್ತದೆ.
ಆರಾಗಿ ನಿಲ್ಲಬೇಕಾದರೆ
ಯಾರಾದರೂ ಕೈಯಲ್ಲಿ ಹಿಡಿದುಕೊಂಡಿರಬೇಕು.