ಸೊನ್ನಿ

ಸೋಲಾಪುರ, ಅಕ್ಕಲಕೋಟ ರೋಡು, ಮೂರನೇ ಶೆಡ್ಡು.
ಟವೆಲಿಗೆ ಬೆಳ್ಳಿ ಕುಡಿಸೋ ಕೆಲಸ. ವಾಸನಿ ಹಿಡಿಯೂದಿಲ್ಲಂತ.

ಡಬ್ಬಿ ಮ್ಯಾಲೆ ‘ನ್ಯಾನೊ’ ಅಂತ ಬರದದ.
“ಎಷ್ಟು ಸಣ್ಣದ್ರೀ ಸಾಹೇಬ್ರ?” ಮಹಾನಂದಾ ಕೇಳಿದಳು,
“ಜ್ವಾಳದ ಹಿಟ್ಟಿನಷ್ಟ?”
ಅಲ್ಲವಾ. ನಿನ್ನ ಒಂದು ತಲಿಗೂದಲು
ಅದರ ಮುಂದ ಆಲದ ಬಡ್ಡಿ.
ಯಾ ಜರಡಿಗೂ ಸಿಗೂದಿಲ್ಲ.

ಹಳೇ ಮಿಲ್ಲಿನ ಹತ್ತಿಧೂಳು ಅಷ್ಟರ ಮಟ್ಟಿಗೆ ಪ್ರಾಮಾಣಿಕ:
ರೆಪ್ಪಿ ಮ್ಯಾಲೆ ಕೂತು, ಕೆಮ್ಮಿಸಿ, ತನ್ನ ಹೆಸರು ಹೇಳತಿತ್ತು.
ನಮ್ಮಪ್ಪಗ ಹೇಳಿತ್ತು. ಅಪ್ಪ ಕೇಳಲಿಲ್ಲ.

ಇದು ಏನೂ ಹೇಳೂದಿಲ್ಲ.

ಸುರಕ್ಷಾ ರಜಿಸ್ಟರಿನಾಗ ಒಂದು ಕಾಲಂ:
ಎಷ್ಟು ಉಸಿರಿಗೆ ಎಷ್ಟು ಅಪಾಯ?
ಸೊನ್ನಿ ಬರಿ, ಅಂದ್ರು ಮಾಲಕರು.
ಸೊನ್ನಿ ಬರೀಲಿಕ್ಕೂ ಗೊತ್ತಿರಬೇಕಲ್ರೀ.
‘ಗೊತ್ತಿಲ್ಲ’ ಅಂತ ಬರದೆ. ಸಹಿ ಹಾಕಿದೆ.

ಆಮ್ಯಾಲೆ ಒಣ ಕಸಬರಿಗಿ ಕಸಗೊಂಡು
ಹಸಿ ಅರಿವಿ ಕೊಟ್ಟೆ. ಪುಡಿ ಬ್ಯಾಡ,
ನೀರಾಗ ಕಲಸಿದ್ದ ತರಸ್ರಿ ಅಂದೆ.
ಒಬ್ಬೊಬ್ಬರ ಮಾಸ್ಕಿನ ಅಂಚಿಗೆ
ಬೆರಳಾಡಿಸಿ ನೋಡಿದೆ, ಗಾಳಿ ಎಲ್ಲಿ ಕಳ್ಳ ಅಂತ.

ಸಂಜೀಕ ಮಹಾನಂದಾ ಗೇಟಿನ ಹತ್ರ
ಸೆರಗು ಜಾಡಿಸಲಿಕ್ಕೆ ಎತ್ತಿದಳು.
ಮನ್ಯಾಗ ಕೂಸು ಹಾಲು ಕುಡಿಯೂದು
ಆ ಸೆರಗಿನ ಮರಿಯಾಗ.

ಜಾಡಿಸಲಿಲ್ಲ.
ಮತ್ತ ಒಳಗ ಹೋಗಿ
ಬ್ಯಾರೆ ಸೀರಿ ಉಟ್ಟು ಬಂದಳು.
ಬಸ್ಸು ತಪ್ಪಿತು.