ಎಲ್ಲಿಂದ ಅಳೆಯೋದು

ಆಂಡರ್ಸನ್‌ಪೇಟೆಯ ಟ್ಯೂಷನ್ನು, ಸಂಜೆ ಆರು.
ಕಿಟಕಿಯಲ್ಲಿ ಸೈನೈಡ್ ದಿಬ್ಬದ ದೂಳು.
‘ಸೆವೆಂತ್ ಹೆವೆನ್’ ಅಂದರೆ ಬಲು ಖುಷಿ, ಬರೆಸಿದೆ.
ನಮ್ಮಲ್ಲಿ ಅಷ್ಟೊಂದು ಮಹಡಿ ಹತ್ತಬೇಕಿಲ್ಲ,
ಸ್ವರ್ಗಕ್ಕೆ ಮೂರೇ ಗೇಣು ಅಂದೆ,
ತುಸು ಜಂಬದಿಂದಲೇ.

ಹಿಂದಿನ ಬೆಂಚಿನ ಆರೋಕ್ಯಮೇರಿ
ಡೆಸ್ಕಿನ ಮೇಲೆ ಮೂರು ಸಲ ಗೇಣು ಹಾಕಿ ನೋಡಿದಳು.
‘ಎಲ್ಲಿಂದ ಅಳೆಯೋದು ಮಿಸ್?’

ಅವಳ ತಾತ ಚಾಂಪಿಯನ್ ರೀಫಿನಲ್ಲಿ
ತೊಂಬತ್ತನೇ ಲೆವೆಲ್ಲಿಗೆ ಇಳಿಯುತ್ತಿದ್ದವರು.
ಅಲ್ಲಿ ಮಹಡಿಗಳೆಲ್ಲ ಕೆಳಮುಖ.

ಮುಂದಿನದಕ್ಕೆ ಹೋದೆ:
‘ಮೂವ್ ಹೆವೆನ್ ಅಂಡ್ ಅರ್ಥ್’.
ಅರ್ಥ ಅವಳೇ ಹೇಳಿದಳು.
ಭೂಮಿ ನಮ್ಮ ತಾತ ಸರಿಸಿದ್ದಾರೆ ಮಿಸ್,
ಅಗೋ, ಗುಡ್ಡೆ ಬಿದ್ದಿದೆಯಲ್ಲ.
ಹೆವೆನ್ನು ಅಲುಗಿತಾ ಇಲ್ಲವಾ,
ಇದ್ದಿದ್ದರೆ
ಕೇಳಬಹುದಿತ್ತು.