ಷರಾ

ನರ್ಸ್ ಸಾಕಮ್ಮಣ್ಣಿ ಸತ್ತ ಮೂರನೇ ವರ್ಷ
ಗುಜರಿಯವನ ತಳ್ಳುಗಾಡಿಯಲ್ಲಿ ಸಿಕ್ಕಿತು ಈ ರಿಜಿಸ್ಟರು.
ಕೆಂಪು ರಟ್ಟು, ಬೆನ್ನು ಸುಲಿದು ದಾರ ಹೊರಗೆ.
ತಾಯಿಯ ಹೆಸರು, ಊರು, ಹೆತ್ತ ಹೊತ್ತು, ಕೂಸಿನ ತೂಕ,
ಕಡೆಗೊಂದು ಕಿರು ಕಲಂ: ಷರಾ.

ಆ ಎರಡು ಬೆರಳಗಲದೊಳಗೆ
ಒಂಬತ್ತು ವರ್ಷ ಬರೆದಿದ್ದಾಳೆ,
ಕೂರುವುದು ಹೇಗೆ ಅಂತ.
ಮೇಲಿನವರು ತಿಂಗಳಿಗೊಮ್ಮೆ ಮೊಹರು ಒತ್ತಿದ್ದಾರೆ,
ಓದದೆ.

ಅವಳ ಕ್ವಾರ್ಟರ್ಸಿನ ಜಗುಲಿಯಲ್ಲಿ ಸಂಜೆ
ನಾಲ್ಕೈದು ಜನ ಕೂರುತ್ತಿದ್ದರಂತೆ ಕಣ್ಣು ಮುಚ್ಚಿ.
ನಾನು ಹೋದವಳಲ್ಲ. ಮುಖ ಕೂಡ ಕಂಡಿಲ್ಲ.

ನಾನು ಮಂಡ್ಯದ ಸಕ್ಕರೆ ಕಾರ್ಖಾನೆ ತೂಕದ ಮನೆಯವಳು.
ಕಬ್ಬಿನ ಲಾರಿ ತುಂಬಿ ಬಂದಾಗ ಒಂದು ತೂಕ,
ಇಳಿಸಿ ಖಾಲಿ ಹೋಗುವಾಗ ಇನ್ನೊಂದು.
ನನ್ನ ವಿದ್ಯೆ ಇಷ್ಟೇ, ಕಳೆಯುವ ಲೆಕ್ಕ.
ರಾತ್ರಿ ಪಾಳಿಯಲ್ಲಿ ಎರಡು ಲಾರಿ ನಡುವೆ
ಕಾಲು ಗಂಟೆ ಸಿಕ್ಕರೆ ಒಂದು ಷರಾ ಓದುತ್ತೇನೆ.
ಹೊರಗೆ ಮಡ್ಡಿಯ ಹುಳಿ ನಾತ,
ಟ್ಯೂಬ್‌ಲೈಟಿಗೆ ಮುತ್ತಿದ ಹುಳ.

ಹಳೇಬೂದನೂರು, ಚಿಕ್ಕತಾಯಮ್ಮ, ಗಂಡು, ಎರಡೂ ಮುಕ್ಕಾಲು ಕಿಲೋ.
"ಮೊದಲ ಉಸಿರಿಗೆ ಮುಂಚೆ ಚೂರು ಹೊತ್ತು ಸುಮ್ಮನಿರುತ್ತೆ.
ನಾವು ಹೆದರಿ ಬೆನ್ನು ತಟ್ಟುತ್ತೇವೆ.
ಅದು ಹೆದರಿರುವುದಿಲ್ಲ."

ಇನ್ನೊಂದು ಸಾಲಿನಲ್ಲಿ ತಾಯಿಯೂ ಇಲ್ಲ, ಕೂಸೂ ಇಲ್ಲ.
"ಈ ದಿನ ಹೆರಿಗೆ ಇಲ್ಲ. ಕೂತಿದ್ದೆ.
ಮನಸ್ಸು ಸೀಮೆಎಣ್ಣೆ ಸಾಲಿನಲ್ಲಿ ಡಬ್ಬ ಹಿಡಿದು ನಿಂತಿತ್ತು.
ಹೋಗಿ ಎಳೆದು ತರಲಿಲ್ಲ.
ಸಾಲು ಕರಗಿದ ಮೇಲೆ ತಾನೇ ಬಂತು,
ಎಣ್ಣೆ ಸಿಗದೆ."

ಇದನ್ನು ಓದಿ ಒಬ್ಬಳೇ ನಕ್ಕಿದ್ದೇನೆ.
ಮಾರನೆಯ ರಾತ್ರಿ ನಾನೂ ಕೂತೆ,
ನನ್ನದು ಹೋಗಿ ನಾದಿನಿಯ ಜೊತೆ ಜಗಳಕ್ಕೆ ನಿಂತಿತು,
ಬೆಳಗಾದರೂ ಬರಲಿಲ್ಲ.

ಒಂದು ಷರಾ ಮಾತ್ರ ಅರೆಬರೆ.
"ಉಸಿರನ್ನು" ಅಂತ ಇದೆ. ಆಮೇಲೆ ಗೆದ್ದಲು ತಿಂದ ತೂತು.
ತೂತಿನ ಆಚೆ "ಬೇಡ. ಇಷ್ಟೇ ನನಗೆ ಗೊತ್ತಿರುವುದು."

ಎಣಿಸಬೇಡ ಅಂದಳೋ?
ಆಷಾಢವೆಲ್ಲ ಎಣಿಸದೆ ಕೂತೆ.
ಎಣಿಸುವುದೇ ಕಸುಬಾದವಳಿಗೆ ಎಣಿಕೆ ಬಿಟ್ಟರೆ
ಉಳಿಯುವುದು ತೂಕಡಿಕೆ.
ಹಿಡಿಯಬೇಡ? ಬಿಟ್ಟೆ.
ಬಿಟ್ಟೆ ಬಿಟ್ಟೆ ಅನ್ನುತ್ತಲೇ ಮುಷ್ಟಿ ಬಿಗಿದಿತ್ತು.
ಕಾಯಬೇಡ? ನಂಬಬೇಡ?
ತೂಗಬೇಡ ಅಂತಿದ್ದರೆ, ಅವ್ವಾ,
ನನಗೇ ಬರೆದ ಹಾಗೆ.

ಜಗುಲಿಯ ಮಂದಿಯನ್ನು ಹುಡುಕಿಕೊಂಡು ಹೋದೆ.
ಸಿಕ್ಕಿದ್ದು ಒಬ್ಬರು, ಗುತ್ತಲು ರಸ್ತೆಯ ಟೈಲರ್ ಖುದ್ದೂಸ್ ಸಾಬರು.
ಅಂಗಿಗೆ ಕಾಜಾ ಹಾಕುತ್ತಿದ್ದರು,
ತೂತಿನ ಅಂಚಿಗೆ ಸುತ್ತಲೂ ದಾರ.
ಪುಟವನ್ನು ಬೆಳಕಿಗೆ ಹಿಡಿದು
ಗೆದ್ದಲ ತೂತಿನಿಂದ ಬೀದಿ ನೋಡಿದರು.
"ಅಕ್ಕ ಏನೂ ಹೇಳ್ತಿರಲಿಲ್ಲ ಕಣಮ್ಮ.
ಟೀ ಕೊಡೋರು. ಲೋಟ ಬಿಸಿ ಐತೆ ಅನ್ನೋರು.
ಲೋಟ ನಿಜವಾಗ್ಲೂ ಬಿಸಿ ಇರೋದು."

ಮಾಗಿ ಬಂತು.
ನಿನ್ನೆ ರಾತ್ರಿ ಎರಡೂವರೆಗೆ ಲಾರಿ ಇಲ್ಲ, ನಾಯಿ ಇಲ್ಲ.
ಖಾಲಿ ಹಲಗೆಯ ಮೇಲೂ ಇಪ್ಪತ್ತು ಕಿಲೋ ತೋರಿಸುತ್ತಿತ್ತು ಯಂತ್ರ.
ಕೆಸರಿರಬೇಕು. ಇಲ್ಲವೇ ಮಂಜು.
ಸೊನ್ನೆ ಮಾಡುವ ಗುಂಡಿಗೆ ಬೆರಳು ಹೋಯಿತು, ಒತ್ತಲಿಲ್ಲ.
ಬರುವಾಗಲೂ ಇರುವ ಇಪ್ಪತ್ತು
ಹೋಗುವಾಗಲೂ ಇದ್ದರೆ
ಕಳೆಯುವಾಗ ತಾನೇ ಹೋಗುತ್ತೆ, ಯಾರಿಗೂ ಮೋಸವಿಲ್ಲ.

ಕೆಂಪು ಅಂಕಿ ನೋಡುತ್ತ ಕೂತೆ. ಇಪ್ಪತ್ತು.
ಉಸಿರು ಬಂತು. ಇಪ್ಪತ್ತು.
ಎಷ್ಟು ಹೊತ್ತೋ,
ತೂತಿಗೆ ಹಾಕಲು ಪದ ಹುಡುಕಿರಲಿಲ್ಲ.

"ಅಕ್ಕೋ, ನಿದ್ದೇನಾ?" ಅಂದ ಡ್ರೈವರು ಹಾರ್ನ್ ಹೊಡೆದು.
ಇಲ್ಲಪ್ಪ, ಹತ್ತಿಸು.

ಇಪ್ಪತ್ತೆರಡು ಟನ್ನು ನೂರಾ ಅರವತ್ತು.
ತೂಕದ ಚೀಟಿಯಲ್ಲೂ ಕಡೆಗೊಂದು ಷರಾ ಇದೆ.
ಹದಿನಾಲ್ಕು ವರ್ಷದಿಂದ ಅಲ್ಲಿ ಅಡ್ಡಗೆರೆ ಎಳೆಯುತ್ತಿದ್ದೆ.
ನಿನ್ನೆ ಹಾಗೇ ಹರಿದು ಕೊಟ್ಟೆ.